ಸಮವಸ್ತ್ರ ತೊಟ್ಟರೂ ಕನ್ನಡಕ ಇರಲಿ

ಮಕ್ಕಳೇ, ಶಾಲೆಯ ಸಮವಸ್ತ್ರ ತೊಟ್ಟಾಗ ನೀವೆಲ್ಲ ಒಂದೇ ರೀತಿ ಕಾಣುತ್ತೀರಿ. ಹಾಗೆಂದು ಕನ್ನಡಕ ಹಾಕುವವರ ಕನ್ನಡಕವನ್ನು ಯಾರಾದರೂ ಕಿತ್ತಿಡುತ್ತಾರೆಯೇ? ಇಲ್ಲ. ಅದು ಅಲಂಕಾರವಲ್ಲ, ಅವರಿಗೆ ಬೇಕೇ ಬೇಕಾದದ್ದು. ಕಂಪ್ಯೂಟರಿನಲ್ಲಿ ಬರೆಯುವಾಗ ಮಾತ್ರ ಸಮವಸ್ತ್ರ ತೊಡಿಸಲು ಹೋದಾಗ ಕನ್ನಡಕ ಕಳೆದುಹೋಗುವುದುಂಟು. ಅದು ಹೇಗೆಂದು ಹೇಳುತ್ತೇನೆ.

ನಮ್ಮ ಮನೆಯಾಕೆಯ ಅಡುಗೆಯ ಹಳೇ ಪುಸ್ತಕವನ್ನು ಮೊಮ್ಮಗಳು ಟೈಪ್ ಮಾಡುತ್ತಿದ್ದಾಳೆ. ಕಿರಿಯ ಮೊಮ್ಮಗನಿಗೆ ಕಡಲೇಬೀಜ ಒಗ್ಗುವುದಿಲ್ಲ. ಒಂದು ಬೀಜ ಬಾಯಿಗೆ ಹೋದರೂ ಮೈಯೆಲ್ಲ ದದ್ದು, ಉಸಿರಾಟಕ್ಕೆ ತೊಂದರೆ. ಅದಕ್ಕೇ ಚಿತ್ರಾನ್ನ, ಚಟ್ನಿಪುಡಿಗಳಲ್ಲಿ ‘ಕಡಲೇಬೀಜ’ ಎಂಬ ಪದವನ್ನು ದಪ್ಪಕ್ಷರದಲ್ಲಿ ಇಡಬೇಕೆಂದು ಅಜ್ಜಿಯ ಕಟ್ಟಪ್ಪಣೆ. ಆ ದಪ್ಪಕ್ಷರ ಮಾಯವಾದರೆ ಪುಟ ಅಂದವಾಗಿಯೇ ಕಾಣುತ್ತದೆ, ಎಚ್ಚರಿಕೆ ಮಾತ್ರ ಇರುವುದಿಲ್ಲ.

ಬರೆಯುವ ತಂತ್ರಾಂಶದಲ್ಲಿ ಎರಡು ಬಗೆಯ ಉಡುಪುಗಳಿವೆ. ಇಡೀ ಪ್ಯಾರಾದ ಅಕ್ಷರದ ಗಾತ್ರ, ಫಾಂಟು, ಸಾಲುಗಳ ನಡುವಿನ ಜಾಗ ಎಲ್ಲವನ್ನೂ ಒಟ್ಟಿಗೆ ಹೇಳುವುದು ಪ್ಯಾರಾಗ್ರಾಫ್ ಸ್ಟೈಲ್. ಅದು ಸಮವಸ್ತ್ರ. ಪ್ಯಾರಾದೊಳಗಿನ ಒಂದೆರಡು ಪದಗಳನ್ನು ಮಾತ್ರ ದಪ್ಪ ಮಾಡುವುದು, ಬಣ್ಣ ಕೊಡುವುದು ಅಕ್ಷರದ ಅಲಂಕಾರ. ಅದು ಕನ್ನಡಕ.

ಮೈಕ್ರೋಸಾಫ್ಟ್ ವರ್ಡಿನಲ್ಲಿ ನಾವಿಬ್ಬರೂ ಒಂದು ಪ್ರಯೋಗ ಮಾಡಿದೆವು. ‘ಅಡುಗೆ’ ಎಂಬ ಪ್ಯಾರಾಗ್ರಾಫ್ ಸ್ಟೈಲನ್ನು ಮಾಡಿಕೊಂಡೆವು. ಹತ್ತು ಪದಗಳ ಒಂದು ಪ್ಯಾರಾ ಬರೆದು, ಎರಡು ಪದ ದಪ್ಪ ಮಾಡಿ, ಸ್ಟೈಲ್ ತೊಡಿಸಿದೆವು. ದಪ್ಪ ಹಾಗೇ ಉಳಿಯಿತು. ಇನ್ನೊಂದು ಪ್ಯಾರಾದಲ್ಲಿ ಎಂಟು ಪದ ದಪ್ಪ ಮಾಡಿ ಅದೇ ಸ್ಟೈಲ್ ತೊಡಿಸಿದೆವು. ದಪ್ಪವೆಲ್ಲ ಹೋಯಿತು!

“ತಾತ, ಇದೇಕೆ ಹೀಗೆ?” ಎಂದಳು.

ವರ್ಡಿನ ಲೆಕ್ಕ ಇದು: ಪ್ಯಾರಾದ ಅರ್ಧಕ್ಕಿಂತ ಕಡಿಮೆ ಭಾಗ ದಪ್ಪವಾಗಿದ್ದರೆ, ಬರೆದವರು ಬೇಕೆಂದೇ ಒತ್ತು ಕೊಟ್ಟಿದ್ದಾರೆ ಎಂದುಕೊಂಡು ಉಳಿಸುತ್ತದೆ. ಅರ್ಧಕ್ಕಿಂತ ಹೆಚ್ಚಿದ್ದರೆ, ಇದು ಪ್ಯಾರಾದ ಹಳೆಯ ವೇಷವೇ ಇರಬೇಕು ಎಂದು ತೆಗೆದುಹಾಕುತ್ತದೆ. ಲೆಕ್ಕ ಜಾಣತನದ್ದೇ. ಆದರೆ “ಇದರಲ್ಲಿ ಕಡಲೇಬೀಜ ಇದೆ, ಮಗುವಿಗೆ ಕೊಡಬೇಡಿ” ಎಂಬ ಇಡೀ ಸಾಲು ದಪ್ಪವಾಗಿದ್ದರೆ ಅದಕ್ಕೇ ಮೊದಲು ಕುತ್ತು.

ಇದಕ್ಕೆ ಪರಿಹಾರ, ಗುರುತಿಗೊಂದು ಹೆಸರು ಕೊಡುವುದು. ಇಡೀ ಸಾಲೇ ಎಚ್ಚರಿಕೆಯಾದರೆ ಅದಕ್ಕೆ ‘ಎಚ್ಚರಿಕೆ’ ಎಂಬ ಬೇರೆಯೇ ಪ್ಯಾರಾಗ್ರಾಫ್ ಸ್ಟೈಲ್ ಮಾಡಿ, ದಪ್ಪವನ್ನು ಅದರೊಳಗೇ ಸೇರಿಸಿ. ಸಾಲಿನ ನಡುವಿನ ಒಂದೆರಡು ಪದವಾದರೆ ‘ಒಗ್ಗದ್ದು’ ಎಂಬ ಕ್ಯಾರೆಕ್ಟರ್ ಸ್ಟೈಲ್ ಮಾಡಿ, ಆ ಪದಗಳಿಗೆ ಮಾತ್ರ ತೊಡಿಸಿ. ಹಣ ಕೊಡದೆ ಸಿಗುವ ಲಿಬ್ರೆಆಫೀಸ್ ರೈಟರಿನಲ್ಲೂ ಈ ಎರಡು ಬಗೆಯ ಸ್ಟೈಲುಗಳಿವೆ. ಎಫ್ 11 ಕೀಲಿ ಒತ್ತಿದರೆ ಪಟ್ಟಿ ತೆರೆದುಕೊಳ್ಳುತ್ತದೆ.

ಹೆಸರಿಟ್ಟರೆ ಇನ್ನೊಂದು ಲಾಭವಿದೆ. ನಾಳೆ ಅಜ್ಜಿ “ದಪ್ಪ ಸಾಲದು, ಕೆಂಪಾಗಲಿ” ಎಂದರೆ ‘ಒಗ್ಗದ್ದು’ ಸ್ಟೈಲನ್ನು ಒಮ್ಮೆ ಬದಲಿಸಿದರೆ ಸಾಕು, ಪುಸ್ತಕದಲ್ಲಿ ಅದನ್ನು ತೊಟ್ಟ ಪದಗಳೆಲ್ಲ ಕೆಂಪಾಗುತ್ತವೆ.

ಈಗಾಗಲೇ ಟೈಪ್ ಮಾಡಿ ಮುಗಿಸಿದ್ದೀರಾ? ಮೊದಲು ಫೈಲಿನ ಒಂದು ಪ್ರತಿ ತೆಗೆದಿಡಿ. ವರ್ಡಿನಲ್ಲಿ ಕಂಟ್ರೋಲ್ ಮತ್ತು ಎಚ್ ಒತ್ತಿ. ಹುಡುಕುವ ಜಾಗದಲ್ಲಿ ಪದವೇನೂ ಬರೆಯದೆ ಬೋಲ್ಡ್ ಎಂದಷ್ಟೇ ಸೂಚಿಸಿ. ಬದಲಿಸುವ ಜಾಗದಲ್ಲಿ ನಿಮ್ಮ ಕ್ಯಾರೆಕ್ಟರ್ ಸ್ಟೈಲ್ ಆರಿಸಿ. ಒಂದೊಂದಾಗಿ ನೋಡುತ್ತಾ ಬದಲಿಸಿ, ಇಡೀ ಸಾಲು ದಪ್ಪವಿದ್ದಲ್ಲಿ ‘ಎಚ್ಚರಿಕೆ’ ತೊಡಿಸಿ. ಇದಾದ ಮೇಲೆಯೇ ಉಳಿದ ಪ್ಯಾರಾಗಳಿಗೆ ಸಮವಸ್ತ್ರ. ಇಡೀ ಫೈಲನ್ನು ಒಟ್ಟಿಗೆ ಆಯ್ದುಕೊಂಡು ಒಂದೇ ಸ್ಟೈಲ್ ಒತ್ತಬೇಡಿ, ‘ಎಚ್ಚರಿಕೆ’ಯ ಸಾಲುಗಳೂ ಅದರಲ್ಲಿ ಸೇರಿಹೋಗುತ್ತವೆ.

ಅಜ್ಜ ಅಜ್ಜಿಯರಿಗೂ ಒಂದು ಮಾತು. ನಮ್ಮಲ್ಲಿ ಹಲವರ ಬಳಿ ಹಿಂದೆ ನುಡಿ, ಬರಹ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ಫೈಲುಗಳಿವೆ. ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತಾದರೂ, ಬಹುಕಾಲ ನಾವು ಬಳಸಿದ್ದು ಹಳೆಯ ಪದ್ಧತಿಯನ್ನೇ. ಅದರಲ್ಲಿ ಒಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ. ಕನ್ನಡವಾಗಿ ತೋರಿಸುವುದು ಫಾಂಟು ಮಾತ್ರ. ಅಂಥ ಪ್ಯಾರಾಕ್ಕೆ ಬೇರೆ ಫಾಂಟಿನ ಸ್ಟೈಲ್ ತೊಡಿಸಿದರೆ, ಕಥೆ ಕವನಗಳೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಗಾಬರಿಯಾಗಿ ಅಳಿಸಬೇಡಿ. ಬರೆದದ್ದು ಎಲ್ಲೂ ಹೋಗಿಲ್ಲ. ಕಂಟ್ರೋಲ್ ಮತ್ತು ಝಡ್ ಒತ್ತಿ, ಅಥವಾ ಹಳೆಯ ಫಾಂಟನ್ನೇ ಮತ್ತೆ ಕೊಡಿ, ಕನ್ನಡ ಮರಳಿ ಬರುತ್ತದೆ. ಆಮೇಲೆ ಮೊಮ್ಮಕ್ಕಳಿಗೆ ಹೇಳಿ ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ಆಗ ಯಾವ ಸ್ಟೈಲ್ ತೊಡಿಸಿದರೂ ಕನ್ನಡ ಕನ್ನಡವಾಗಿಯೇ ಇರುತ್ತದೆ.

ಈ ಭಾನುವಾರ ಇಬ್ಬರೂ ಕೂತು ಒಂದು ಪುಟ ಮಾಡಿ ನೋಡಿ. ಯಾವ ಪದಕ್ಕೆ ಗುರುತು ಬೇಕು ಎಂದು ಹಿರಿಯರು ಹೇಳಲಿ, ಆ ಗುರುತಿಗೆ ಹೆಸರಿಡುವ ಕೆಲಸ ಮಕ್ಕಳದು.