ಬಿಸಿಲಿನಿಂದಲೇ ತಂಪು: ಗೃಹಸ್ಥರಿಗೊಂದು ಲೆಕ್ಕಾಚಾರ

ಗ್ರೀಷ್ಮದ ತಾಪವು ಎಲ್ಲ ಸೀಮೆಗಳಿಗೂ ಒಂದೇ ವಿಧವಾಗಿ ಬರುವುದಿಲ್ಲ. ಕರಾವಳಿಯವರು ಬೇಸಗೆಯಲ್ಲಿ ಬೆವರಿ ತೋಯುವರು. ನಮ್ಮ ಬೀದರ ಜಿಲ್ಲೆಯವರು ಒಣಗಿ ಬಾಡುವರು. ಬಸವಕಲ್ಯಾಣ, ಹುಮನಾಬಾದಗಳು ಸಮುದ್ರಮಟ್ಟದಿಂದ ಸುಮಾರು 600 ಮೀಟರು ಎತ್ತರವಾದ ಪೀಠಭೂಮಿಯ ಮೇಲಿರುವ ಊರುಗಳು. ಸಮುದ್ರವು ದೂರ, ಗಾಳಿಯು ಶುಷ್ಕ. ಆದುದರಿಂದ ಇಲ್ಲಿ ಉಷ್ಣವೂ ಅತಿ, ಶೀತವೂ ಅತಿ. ಮೇ ತಿಂಗಳಲ್ಲಿ 40 ಡಿಗ್ರಿಯನ್ನು ಮುಟ್ಟುವ ಉಷ್ಣಮಾನವು ಡಿಸೆಂಬರ್, ಜನವರಿಗಳ ರಾತ್ರಿಗಳಲ್ಲಿ 10 ಡಿಗ್ರಿಗಿಂತ ಕೆಳಗಿಳಿಯುವುದೂ ಉಂಟು. ಒಂದೇ ಮನೆಯಲ್ಲಿ ಆರು ತಿಂಗಳ ಅಂತರದಲ್ಲಿ ಬೀಸಣಿಗೆಯೂ ಕಂಬಳಿಯೂ ಸಾಲದೆ ಹೋಗತಕ್ಕ ಸೀಮೆ ಇದು.

ಈ ಊರುಗಳ ಹಳೆಯ ಮನೆಗಳನ್ನು ಕಟ್ಟಿದವರು ಬಿಸಿಲಿನ ಸ್ವಭಾವವನ್ನು ಚೆನ್ನಾಗಿ ಅರಿತಿದ್ದರು. ಮೊಳಕ್ಕೂ ಮಿಕ್ಕಿ ದಪ್ಪವಾದ ಕಲ್ಲುಮಣ್ಣಿನ ಗೋಡೆ, ತೊಲೆ ಜಂತಿಗಳ ಮೇಲೆ ಹೊರಿಸಿದ ಮಣ್ಣಿನ ಮಾಳಿಗೆ, ನಡುವೆ ಅಂಗಳ, ಎತ್ತರದಲ್ಲಿ ಬೆಳಕಿಂಡಿ, ಕಾಲಿಗೆ ತಂಪಾದ ಶಹಾಬಾದಿನ ಪರ್ಸಿ. ಮಧ್ಯಾಹ್ನದ ಬಿಸಿಲು ಆ ಗೋಡೆಯನ್ನು ಹಾದು ಒಳಗೆ ಬರುವಷ್ಟರಲ್ಲಿ ಸೂರ್ಯಾಸ್ತವಾಗಿ, ಮನೆಯವರು ಮಾಳಿಗೆಯ ಮೇಲೆ ಹಾಸಿಗೆ ಹಾಸಿಕೊಂಡಿರುತ್ತಿದ್ದರು. ಈಗಿನ ಮನೆಯ ಮೇಲಿರುವುದು ನಾಲ್ಕೈದು ಅಂಗುಲದ ಸಿಮೆಂಟಿನ ಛತ್ತು. ಅದು ಹಗಲೆಲ್ಲ ಕಾದು, ನಾವು ಮಲಗುವ ಹೊತ್ತಿಗೆ ಸರಿಯಾಗಿ ತನ್ನ ಶಾಖವನ್ನು ಕೋಣೆಯೊಳಗೆ ಸುರಿಯತೊಡಗುವುದು. ಪಂಖೆಯು ಆ ಬಿಸಿಗಾಳಿಯನ್ನೇ ತಿರುಗಿಸಿ ತಿರುಗಿಸಿ ನಮಗೆ ಬಡಿಸುವುದು. ಎಳೆಯ ಕೂಸುಗಳೂ ಎಂಬತ್ತು ದಾಟಿದ ಹಿರಿಯರೂ ಇರುವ ಮನೆಯಲ್ಲಿ ಇದು ಕೇವಲ ಅನಾನುಕೂಲದ ಮಾತಲ್ಲ. ರಾತ್ರಿಯೂ ತಣಿಯದ ದೇಹವು ಮರುದಿನದ ಬಿಸಿಲನ್ನು ತಾಳಲಾರದು.

ಇದೇ ಕಲ್ಯಾಣದಿಂದ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಅರಸನ ಉಪಭೋಗಗಳಿಗೆಂದೇ ಇಪ್ಪತ್ತು ಅಧ್ಯಾಯಗಳು ಮೀಸಲಾಗಿವೆ. ಮನೆ, ಸ್ನಾನ, ಚಾಮರ, ಪಾನೀಯ, ಛತ್ರ, ಶಯ್ಯೆ ಇವೆಲ್ಲವೂ ಅಲ್ಲಿ ಒಂದೊಂದಾಗಿ ವಿಚಾರಿಸಲ್ಪಟ್ಟಿವೆ. ಚಾಮರ ಬೀಸುವವರನ್ನು ಇಟ್ಟುಕೊಳ್ಳಬಲ್ಲ ಪ್ರಭುವಿಗೆ ಆ ಸುಖದ ಬೆಲೆಯನ್ನು ಎಣಿಸುವ ಕಾರಣವಿರಲಿಲ್ಲ. ಈಗಿನ ಗೃಹಸ್ಥನಿಗೆ ಅದೇ ಸುಖವು ಗೋಡೆಗೆ ತೂಗುಹಾಕಿದ ಪೆಟ್ಟಿಗೆಯ ರೂಪದಲ್ಲಿ ದೊರೆಯುವುದು, ಮತ್ತು ಬೆಲೆಯು ತಿಂಗಳು ತಿಂಗಳು ಕರೆಂಟಿನ ಬಿಲ್ಲಾಗಿ ಬಾಗಿಲಿಗೆ ಬರುವುದು. ಆ ಬಿಲ್ಲನ್ನು ಸೂರ್ಯನಿಂದಲೇ ತೀರಿಸಬಹುದೆಂಬ ಜಾಹೀರಾತುಗಳು ಈಚೆಗೆ ನಮ್ಮ ಊರುಗಳಲ್ಲಿಯೂ ಕಾಣತೊಡಗಿವೆ. ಅದರಲ್ಲಿ ಸತ್ಯವೆಷ್ಟು ಎಂಬುದು ಪ್ರಕೃತ ವಿಚಾರ.

ಮೊದಲು ಯಂತ್ರದ ಮಾತು. ಸ್ಪ್ಲಿಟ್ ಏಸಿ ಎಂದು ಕರೆಯಲ್ಪಡುವ ಈ ಸಾಧನಕ್ಕೆ ಎರಡು ಅಂಗಗಳು: ಕೋಣೆಯೊಳಗೊಂದು, ಹೊರಗಿನ ಗೋಡೆಯ ಮೇಲೊಂದು, ನಡುವೆ ತಾಮ್ರದ ಕೊಳವೆಗಳು. ಇದು ತಂಪನ್ನು ಉತ್ಪತ್ತಿ ಮಾಡುವುದೆಂದು ಅನೇಕರ ತಿಳಿವಳಿಕೆ. ವಾಸ್ತವವಾಗಿ ಇದು ಒಳಗಿನ ಶಾಖವನ್ನು ಹೊತ್ತು ಹೊರಗೆ ಹಾಕುವುದಷ್ಟೆ. ಮಣ್ಣಿನ ಗಡಿಗೆಯ ನೀರು ಏಕೆ ತಂಪಾಗುವುದೆಂದು ಬಲ್ಲವರಿಗೆ ಇದರ ಮರ್ಮವು ಕಷ್ಟವಲ್ಲ. ಗಡಿಗೆಯ ಮೈಯಿಂದ ಒಸರಿದ ನೀರು ಆವಿಯಾಗುವಾಗ ಉಳಿದ ನೀರಿನ ಶಾಖವನ್ನು ಕೊಂಡೊಯ್ಯುವುದು. ಯಂತ್ರದಲ್ಲಿ ನೀರಿನ ಬದಲು ಬಹು ಕಡಿಮೆ ಉಷ್ಣದಲ್ಲಿಯೇ ಕುದಿಯತಕ್ಕ ಒಂದು ಶೀತಕದ್ರವವುಂಟು. ಈಗಿನ ಬಹುಪಾಲು ಯಂತ್ರಗಳಲ್ಲಿ ಅದರ ಹೆಸರು ಆರ್-32. ಅದು ಒಳಗಿನ ಕೊಳವೆಯಲ್ಲಿ ಆವಿಯಾಗಿ ಕೋಣೆಯ ಶಾಖವನ್ನು ಹೀರುವುದು. ಹೊರಗಿರುವ ಕಂಪ್ರೆಸರ್ ಆ ಆವಿಯನ್ನು ಒತ್ತಿ ಬಿಸಿಮಾಡುವುದು. ಹೊರಗಿನ ಗಾಳಿಗೆ ಶಾಖವನ್ನು ಬಿಟ್ಟುಕೊಟ್ಟು ಅದು ಮರಳಿ ದ್ರವವಾಗುವುದು. ಶಾಖವು ತಾನಾಗಿ ಬಿಸಿಯಿಂದ ತಂಪಿನ ಕಡೆಗೆ ಹರಿಯತಕ್ಕದ್ದು, ನೀರು ಇಳಿಜಾರಿಗೆ ಹರಿಯುವಂತೆ. ಅದನ್ನು ಬಾವಿಯ ನೀರಿನಂತೆ ಮೇಲಕ್ಕೆ ಸೇದುವ ಶ್ರಮಕ್ಕೆ ಮಾತ್ರ ವಿದ್ಯುತ್ತು ಬೇಕು. ಈ ಕಾರಣದಿಂದಲೇ ಒಂದು ಯೂನಿಟ್ ವಿದ್ಯುತ್ತು ಮೂರು ಯೂನಿಟ್ಟಿಗೂ ಮಿಕ್ಕಿದ ಶಾಖವನ್ನು ಸಾಗಿಸಬಲ್ಲುದು.

ಅಮೆರಿಕದ ಕ್ಯಾರಿಯರ್ ಎಂಬ ಯಂತ್ರಜ್ಞನು 1902ರಲ್ಲಿ ಇಂಥ ಮೊದಲ ಯಂತ್ರವನ್ನು ರೂಪಿಸಿದ್ದು ಮನುಷ್ಯರ ಸುಖಕ್ಕಾಗಿ ಅಲ್ಲ, ಒಂದು ಮುದ್ರಣಾಲಯಕ್ಕಾಗಿ. ತೇವದಿಂದ ಕಾಗದವು ಹಿಗ್ಗಿ ಕುಗ್ಗಿ ಬಣ್ಣದ ಅಚ್ಚುಗಳು ಒಂದರ ಮೇಲೊಂದು ಸರಿಯಾಗಿ ಕೂಡುತ್ತಿರಲಿಲ್ಲವಂತೆ. ಕೈಯಲ್ಲಿ ಮಾಸಪತ್ರಿಕೆ ಹಿಡಿದಿರುವ ವಾಚಕರಿಗೆ ಇದು ವಿನೋದವಾಗಿ ತೋರಬಹುದು. ಅಂಗಡಿಯವರು ಹೇಳುವ ‘ಟನ್’ ಎಂಬುದು ಯಂತ್ರದ ತೂಕವಲ್ಲ. ಒಂದು ಟನ್ ಮಂಜುಗಡ್ಡೆಯು ಒಂದು ದಿನದಲ್ಲಿ ಕರಗುವಾಗ ಹೀರುವ ಶಾಖದ ಪ್ರಮಾಣ.

ಇದೇ ಶಾಖವಾಹಕವನ್ನು ತಿರುಗುಮುರುಗು ಮಾಡಿದರೆ ಚಳಿಗಾಲದಲ್ಲಿ ಹೊರಗಿನ ಶಾಖವನ್ನು ಒಳಗೆ ತರುವುದು. ಹೊರಗೆ 10 ಡಿಗ್ರಿಯ ಚಳಿಯಿರುವಾಗ ಅಲ್ಲಿ ಶಾಖವೆಲ್ಲಿಂದ ಬಂತೆಂದು ಕೇಳಬೇಡಿರಿ. ಶೀತಕದ್ರವವು ಅದಕ್ಕಿಂತಲೂ ತಣ್ಣಗಿರುವುದರಿಂದ ಅದಕ್ಕೆ ಆ ಗಾಳಿಯೇ ಬೆಚ್ಚಗೆ. ಆದರೆ ನಮ್ಮ ದೇಶದಲ್ಲಿ ಮಾರಾಟವಾಗುವ ಹೆಚ್ಚಿನ ಯಂತ್ರಗಳು ತಂಪುಮಾಡುವುವು ಮಾತ್ರ. ಎರಡೂ ಕೆಲಸ ಬೇಕಾದವರು ‘ಹಾಟ್ ಅಂಡ್ ಕೋಲ್ಡ್’ ಎಂಬ ಜಾತಿಯನ್ನೇ ಹೆಸರು ಹಿಡಿದು ಕೇಳಬೇಕು. ಕೊಂಡಮೇಲೆ ಸೇರಿಸಿಕೊಳ್ಳತಕ್ಕ ಗುಣವಲ್ಲ ಅದು. ಎರಡು ಸಾವಿರ ವಾಟಿನ ತಂತಿಯ ಹೀಟರು ಗಂಟೆಗೆ ಎರಡು ಯೂನಿಟ್ಟನ್ನು ನುಂಗಿ ಕೊಡುವ ಬಿಸಿಯನ್ನು ಇದು ಮುಕ್ಕಾಲು ಯೂನಿಟ್ಟಿನೊಳಗೆ ಕೊಡುವುದು. ಇನ್ನು ಬಾಗಿಲು ಮುಚ್ಚಿದ ಕೋಣೆಯಲ್ಲಿ ಇದ್ದಲಿನ ಶೆಗಡಿ ಇಟ್ಟು ಮಲಗುವ ಪದ್ಧತಿಯ ವಿಷಯ: ಅದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳದೆ ಹೋಗುವರು. ಬಾಣಂತಿಯ ಕೋಣೆಯಲ್ಲಂತೂ ಅದನ್ನು ಕಿಟಕಿ ತೆರೆಯದೆ ಇಡಲೇಬಾರದು.

ಸೂರ್ಯನು ಈ ಯಂತ್ರಕ್ಕೆ ತಕ್ಕ ಜೊತೆಗಾರನೇ? ನಮ್ಮ ಸೀಮೆಯ ಮಟ್ಟಿಗೆ ಅಹುದೆಂದೇ ಹೇಳಬೇಕು. ತಂಪು ಬೇಕಾದ ತಿಂಗಳುಗಳಲ್ಲಿ ಬಿಸಿಲು ಪ್ರಖರ. ಬೆಚ್ಚಗಾಗಬೇಕಾದ ಚಳಿಗಾಲದಲ್ಲಿ ಆಕಾಶ ನಿರ್ಮಲ. ಮೋಡ ಕವಿದು ಉತ್ಪತ್ತಿಯು ಕುಗ್ಗುವ ಆಷಾಢ ಶ್ರಾವಣಗಳಲ್ಲಿ ಯಂತ್ರದ ಗೊಡವೆಯೇ ಬೇಕಿಲ್ಲ. ಒಂದು ಕಿಲೋವಾಟಿನ ಸೌರಪಲಕಗಳು ಇಲ್ಲಿ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುವುವು. ಪಲಕಗಳಿಗೆ ಬೇಕಾದುದು ಬೆಳಕು, ಶಾಖವಲ್ಲ. ಪಲಕವು ಕಾದಂತೆಲ್ಲ, 25 ಡಿಗ್ರಿಯ ಮೇಲೆ ಒಂದೊಂದು ಡಿಗ್ರಿಗೂ ಶೇಕಡಾ ಅರೆಗಿಂತ ತುಸು ಕಡಿಮೆ ಶಕ್ತಿಯನ್ನು ಕಳೆದುಕೊಳ್ಳುವುದು. ಮೇ ತಿಂಗಳ ನಡುಹಗಲಿನಲ್ಲಿ ಹೀಗೆ ಎಂಟರಲ್ಲೊಂದು ಭಾಗ ಹೋದರೂ ಆಶ್ಚರ್ಯವಿಲ್ಲ.

ತೊಡಕಿರುವುದು ರಾತ್ರಿಯಲ್ಲಿ. ಬೆಳಕಿರುವಾಗ ಪಲಕಗಳು ಗಳಿಸುವುವು. ಮಲಗುವಾಗ ನಾವು ಖರ್ಚು ಮಾಡುವೆವು. ಇದಕ್ಕೆ ನೆಟ್ ಮೀಟರಿನ ವ್ಯವಸ್ಥೆಯುಂಟು. ಹಗಲಿನ ಹೆಚ್ಚಳವು ಜೆಸ್ಕಾಂ ತಂತಿಗೆ ಹೋಗಿ ನಮ್ಮ ಲೆಕ್ಕಕ್ಕೆ ಜಮೆಯಾಗುವುದು, ರಾತ್ರಿ ಎಳೆದುಕೊಂಡುದು ಅದರಲ್ಲಿ ವಜಾ ಆಗುವುದು. ವ್ಯವಸ್ಥೆಯು ಒಳ್ಳೆಯದೇ. ಆದರೆ ಅದರಲ್ಲಿ ಮಾರುವವರು ಬಾಯಿಬಿಟ್ಟು ಹೇಳದ ಒಂದು ಸಂಗತಿಯುಂಟು.

ಹುಮನಾಬಾದಿನ ನಮ್ಮ ಪರಿಚಿತರೊಬ್ಬರು ಮೂರು ಕಿಲೋವಾಟಿನ ಪಲಕಗಳನ್ನೂ ಒಂದು ಏಸಿಯನ್ನೂ ಹಾಕಿಸಿದರು. ವೃದ್ಧೆಯಾದ ತಾಯಿಗೆ ಮಧ್ಯಾಹ್ನದ ಸೆಕೆಯು ತಡೆಯದೆಂಬುದೇ ಮುಖ್ಯ ಕಾರಣ. ಮೇ ತಿಂಗಳ ಒಂದು ದಿನ ಎರಡು ಗಂಟೆಯ ಹೊತ್ತಿಗೆ ಊರಿನ ಕರೆಂಟು ಹೋಯಿತು. ಜೊತೆಗೇ ಅವರ ಮನೆಯ ಏಸಿಯೂ ಪಂಖೆಯೂ ನಿಂತವು. ಮೇಲೆ ಪಲಕಗಳ ತುಂಬ ಬಿಸಿಲು, ಕೆಳಗೆ ತಾಯಿಯ ಕೈಯಲ್ಲಿ ಬೀಸಣಿಗೆ. ನಾಲ್ಕು ಗಂಟೆಯವರೆಗೂ ಆ ಮನೆ ಅಕ್ಕಪಕ್ಕದ ಮನೆಗಳಂತೆಯೇ ಬೆಂದಿತು. ಉಪಕರಣವೇ ಕೆಟ್ಟಿದೆಯೆಂದು ಅವರು ಸಿಟ್ಟಾಗಿದ್ದರು. ವಿದ್ಯುತ್ ಕೆಲಸದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನನ್ನು ಕೇಳಲಾಗಿ ಅವನೆಂದನು: “ಕೆಟ್ಟಿಲ್ರಿ ಸರ್. ಕಂಬದ ಮ್ಯಾಲ ಲೈನ್‌ಮನ್ ಇರ್ತಾನ್ರಿ. ನಮ್ಮ ಮನಿ ಕರೆಂಟು ತಂತಿಗೆ ಹೋದ್ರ ಅವನ ಗತಿ ಏನ್ರಿ?” ತಂತಿಗೆ ಜೋಡಿಸಿದ ಸಾಮಾನ್ಯ ಸೌರ ಇನ್ವರ್ಟರು ಊರಿನ ಕರೆಂಟು ಹೋದೊಡನೆ ತಾನೂ ಸುಮ್ಮನಾಗಬೇಕೆಂಬುದು ನಿಯಮ, ಮತ್ತು ನ್ಯಾಯವಾದ ನಿಯಮ. ಕರೆಂಟಿಲ್ಲದಾಗಲೂ ಯಂತ್ರವು ನಡೆಯಬೇಕಾದರೆ ಬ್ಯಾಟರಿಯೊಡನೆ ಹೈಬ್ರಿಡ್ ಇನ್ವರ್ಟರ್ ಬೇಕು. ಅದು ವೆಚ್ಚವನ್ನು ಬಹಳವಾಗಿ ಏರಿಸುವುದು. ಹಣ ಕೊಡುವುದಕ್ಕೆ ಮೊದಲೇ “ಕರೆಂಟು ಹೋದಾಗ ಇದು ನಡೆಯುವುದೋ ಇಲ್ಲವೋ” ಎಂಬ ಒಂದು ಪ್ರಶ್ನೆಗೆ ಮಾರುವವನಿಂದ ಬರವಣಿಗೆಯಲ್ಲಿ ಉತ್ತರ ಪಡೆಯಿರಿ.

ಪಲಕಗಳಿಂದ ನೇರವಾಗಿ ನಡೆಯುವ, ಬಿಸಿಲು ಸಾಲದಾಗ ಮಾತ್ರ ಊರ ಕರೆಂಟನ್ನು ಬಳಸುವ ಏಸಿಗಳೂ ಬಂದಿವೆ. ಹಗಲು ಮಾತ್ರ ತೆರೆದಿರುವ ಅಂಗಡಿಗೋ ದವಾಖಾನೆಗೋ ಅವು ಒಪ್ಪುವುವು. ಮಲಗುವ ಕೋಣೆಗೆ ಅವುಗಳಿಂದ ವಿಶೇಷ ಲಾಭವಿಲ್ಲ.

ಇನ್ನು ಹಣದ ಲೆಕ್ಕ. ಒಂದೂವರೆ ಟನ್ನಿನ ಇನ್ವರ್ಟರ್ ಏಸಿಯು ರಾತ್ರಿ ಎಂಟು ಗಂಟೆಗಳ ಕಾಲ ನಡೆದರೆ ಸುಮಾರು ಆರೇಳು ಯೂನಿಟ್. ತಿಂಗಳಿಗೆ 200ರ ಆಸುಪಾಸು. ಈ 200 ಎಂಬ ಸಂಖ್ಯೆಯನ್ನು ನಮ್ಮ ರಾಜ್ಯದ ಗೃಹಸ್ಥರಿಗೆ ನೆನಪಿಸಬೇಕಾಗಿಲ್ಲ. 2023ರಲ್ಲಿ ಆರಂಭವಾದ ಗೃಹಜ್ಯೋತಿಯ ಮೇರೆಯೇ ಅದು. ಅದನ್ನು ದಾಟಿದ ತಿಂಗಳು ಇಡೀ ಬಿಲ್ಲನ್ನೇ ತೆರಬೇಕು. ಅಂದರೆ ಈವರೆಗೆ ಬಿಲ್ಲೇ ಇಲ್ಲದಿದ್ದ ಮನೆಗೆ ಏಸಿ ಬಂದೊಡನೆ, ಏಸಿಯ ಯೂನಿಟ್ಟುಗಳ ಜೊತೆಗೆ ದೀಪ, ಪಂಖೆ, ಮಿಕ್ಸಿಗಳ ಯೂನಿಟ್ಟುಗಳಿಗೂ ಹಣ ಬೀಳುವುದು. ಬೇಸಗೆಯ ಎರಡು ಮೂರು ತಿಂಗಳು ಮಾತ್ರ ಹೀಗಾಗುವ ಮನೆಯಲ್ಲಿ ಪಲಕಗಳಿಗೆ ಹಾಕಿದ ಬಂಡವಾಳವು ಮರಳಲು ಬಹುಕಾಲ ಬೇಕು. ವರ್ಷವೆಲ್ಲ ಬಿಲ್ಲು ತೆರುತ್ತಿರುವ ದೊಡ್ಡ ಕುಟುಂಬದ ಮಾತು ಬೇರೆ. ಅಂಥವರಿಗೆ ಎರಡು ಕಿಲೋವಾಟಿನ ಪಲಕಗಳು ವರ್ಷಕ್ಕೆ ಎರಡೂವರೆ ಸಾವಿರ ಯೂನಿಟ್ಟಿಗೂ ಮಿಕ್ಕಿ ಕೊಟ್ಟು, ಕೆಲವೇ ವರ್ಷಗಳಲ್ಲಿ ತಮ್ಮ ಬೆಲೆಯನ್ನು ತೀರಿಸುವುವು. ಪಲಕಗಳ ಬಾಳಿಕೆಯೋ 25 ವರ್ಷ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರವು ಆರಂಭಿಸಿದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಎರಡು ಕಿಲೋವಾಟಿಗೆ 60,000 ರೂಪಾಯಿ, ಮೂರು ಮತ್ತು ಅದಕ್ಕೆ ಮೇಲ್ಪಟ್ಟುದಕ್ಕೆ 78,000 ರೂಪಾಯಿ ಸಹಾಯಧನವೆಂದು ಗೊತ್ತುಮಾಡಲ್ಪಟ್ಟಿತು. ಅದು ತಂತಿಗೆ ಜೋಡಿಸಿದ, ದೇಶದಲ್ಲಿಯೇ ತಯಾರಾದ ಪಲಕಗಳಿಗೆ ಸಲ್ಲತಕ್ಕದ್ದು. ‘ಸೋಲಾರ್ ಏಸಿ’ ಎಂದು ಒಟ್ಟಾಗಿ ಮಾರುವ, ತಂತಿಯ ಸಂಬಂಧವಿಲ್ಲದ ಸಾಮಾನಿಗೆ ಸಲ್ಲದು. ಗೃಹಜ್ಯೋತಿಯೂ ನೆಟ್ ಮೀಟರೂ ತಮ್ಮ ಮನೆಗೆ ಹೇಗೆ ಕೂಡಿ ಅನ್ವಯಿಸುವುವೆಂಬುದನ್ನು ಜೆಸ್ಕಾಂ ಕಚೇರಿಯಲ್ಲಿ ವಿಚಾರಿಸಿಯೇ ಮುಂದುವರಿಯುವುದು ಲೇಸು.

ಆದರೆ ಯಂತ್ರಕ್ಕಿಂತ ಮೊದಲು ಛತ್ತನ್ನು ನೋಡಿಕೊಳ್ಳಬೇಕೆಂಬುದು ನಮ್ಮ ದೃಢವಾದ ಅಭಿಪ್ರಾಯ. ಬೇಸಗೆಯ ಮುಂಚೆ ಮೇಲೆ ಬಿಳಿಯ ಸುಣ್ಣವನ್ನು ದಪ್ಪವಾಗಿ ಬಳಿಸಿರಿ. ಬಿಳುಪು ಬಿಸಿಲನ್ನು ಹಿಂದಕ್ಕೆ ಎಸೆಯುವುದು. ಪಶ್ಚಿಮದ ಕಿಟಕಿಗೆ ಹೊರಗಿನಿಂದ ತಟ್ಟಿ ಕಟ್ಟಿರಿ. ಒಳಗೆ ಪರದೆ ಹಾಕುವುದು ಶಾಖ ಬಂದಮೇಲೆ ಬಾಗಿಲು ಹಾಕಿದಂತೆ. ಇಷ್ಟರಿಂದಲೇ ಒಂದೂವರೆ ಟನ್ನು ಬೇಕಾದ ಕೋಣೆಗೆ ಒಂದು ಟನ್ನು ಸಾಕಾದೀತು, ಪಲಕಗಳೂ ಕಡಿಮೆಯಾದಾವು. ಪಲಕಗಳನ್ನು ಮಲಗುವ ಕೋಣೆಯ ನೆತ್ತಿಯ ಮೇಲೆಯೇ ನಿಲ್ಲಿಸಿದರೆ ಅವುಗಳ ನೆರಳೇ ಆ ಛತ್ತಿಗೆ ಕೊಡೆಯಾಗುವುದು. ಚೌಕಟ್ಟನ್ನು ಆಳುದ್ದ ಎತ್ತರಿಸಿ, ದಕ್ಷಿಣಕ್ಕೆ ಸುಮಾರು 18 ಡಿಗ್ರಿ ಓರೆಯಾಗಿ ಕೂಡಿಸಿರಿ. ಹಪ್ಪಳ ಸಂಡಿಗೆ ಒಣಗಿಸುವ ಜಾಗವನ್ನು ಕಸಿದುಕೊಂಡ ಯಂತ್ರವನ್ನು ಮನೆಯ ಹೆಂಗಸರು ಎಂದಿಗೂ ಕ್ಷಮಿಸರು. ಎತ್ತರಿಸಿದ ಚೌಕಟ್ಟಿಗೆ ಬುಡವು ಭದ್ರವಾಗಿರತಕ್ಕದ್ದು, ಏಕೆಂದರೆ ಮುಂಗಾರಿಗೆ ಮೊದಲಿನ ಬಿರುಗಾಳಿ ನಮ್ಮಲ್ಲಿ ತಗಡುಗಳನ್ನೇ ಹಾರಿಸುವುದು.

ನೀರಿನ ಕೂಲರನ್ನೂ ಕೀಳಾಗಿ ಎಣಿಸಬಾರದು. ನಮ್ಮ ಒಣಹವೆಯಲ್ಲಿ ಅದು ಇನ್ನೂರು ವಾಟಿನೊಳಗೆ ಮಾಡುವ ಕೆಲಸವು ಕರಾವಳಿಯವರಿಗೆ ಕನಸು. ಅದಕ್ಕೆ ಬೇಕಾದ ಕೊಡಗಟ್ಟಲೆ ನೀರು ಮೇ ತಿಂಗಳಲ್ಲಿ ಎಲ್ಲ ಓಣಿಗಳಲ್ಲಿಯೂ ದೊರೆಯದೆಂಬುದೇ ಅದರ ಕೊರತೆ. ನೀರಿನ ಅನುಕೂಲವಿದ್ದು, ಮನೆಯಲ್ಲಿ ಅಶಕ್ತರು ಯಾರೂ ಇಲ್ಲದವರು ಸುಣ್ಣ ಬಳಿದ ಛತ್ತು, ಒಂದು ಕೂಲರು ಇಷ್ಟರಲ್ಲಿ ಬೇಸಗೆಯನ್ನು ಕಳೆಯಬಹುದು.

ಏಸಿಯನ್ನು ಕೊಂಡವರು 18 ಡಿಗ್ರಿಗೆ ಇಟ್ಟು ಕಂಬಳಿ ಹೊದೆಯುವ ವಿಚಿತ್ರವನ್ನು ನಾವು ಕಂಡಿದ್ದೇವೆ. 2020ರ ಜನವರಿಯಿಂದ ಹೊಸ ಯಂತ್ರಗಳು ತಾವಾಗಿಯೇ 24 ಡಿಗ್ರಿಯಲ್ಲಿ ಆರಂಭವಾಗಬೇಕೆಂಬ ನಿಯಮ ಬಂದಿದೆ. ಒಂದು ಡಿಗ್ರಿ ಏರಿಸಿದರೆ ಶೇಕಡಾ ಆರರಷ್ಟು ವಿದ್ಯುತ್ತು ಉಳಿಯುವುದೆಂದು ಸರಕಾರದ ಇಂಧನದಕ್ಷತಾ ಇಲಾಖೆಯ ಅಂದಾಜು. 26ಕ್ಕೆ ಇಟ್ಟು ಪಂಖೆಯನ್ನು ಮೆಲ್ಲಗೆ ಬಿಟ್ಟರೆ ಹಿರಿಯರಿಗೂ ಕೂಸಿಗೂ ಹಿತ. ಹೊರಗಿನ ಪೆಟ್ಟಿಗೆಯನ್ನು ಉತ್ತರದ ಗೋಡೆಯ ನೆರಳಿನಲ್ಲಿ, ಗಾಳಿಯಾಡುವಂತೆ ಇಡಿಸಿರಿ. ಪಲಕಗಳ ಮೇಲೆ ಬೇಸಗೆಯಲ್ಲಿ ಕೆಂಪುಧೂಳು ಕೂಡುವುದು. ಹದಿನೈದು ದಿನಕ್ಕೊಮ್ಮೆ ಸೂರ್ಯೋದಯಕ್ಕೆ ಮುಂಚೆ ಮೆತ್ತನೆಯ ಬಟ್ಟೆಯಿಂದ ಒರೆಸಿರಿ. ಕಾದ ಗಾಜಿನ ಮೇಲೆ ನಡುಹಗಲಲ್ಲಿ ತಣ್ಣೀರು ಎರಚಿದರೆ ಅದು ಬಿರುಕು ಬಿಡಬಹುದು.