‘ಒಂದು ಸೈಡ್ ಬರ್ತಿಲ್ಲ’: ಸ್ಟೀರಿಯೊ ರಿಪೇರಿಯ ಕಸುಬು

ಆಡಿಯೊ ರಿಪೇರಿ ಅಂಗಡಿಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಮಾತು ಇದು: ‘ಸಾರ್, ಒಂದು ಸೈಡ್ ಆಗಾಗ ಕಟ್ ಆಗ್ತಿದೆ. ನಿನ್ನೆ ರಾತ್ರಿಯೆಲ್ಲ ಹೀಗೇ ಕಾಟ.’ ಸೆಟ್ಟನ್ನು ಟೇಬಲ್ ಮೇಲಿಟ್ಟು ಆನ್ ಮಾಡಿದರೆ ಎರಡೂ ಬಾಕ್ಸ್‌ಗಳಲ್ಲಿ ಹಾಡು ಸೊಗಸಾಗಿ ಬರುತ್ತದೆ. ತಂದವರಿಗೆ ಮುಜುಗರ, ಮೆಕ್ಯಾನಿಕ್‌ಗೆ ತಲೆನೋವು. ಪೂರ್ತಿ ನಿಂತುಹೋದ ಆಂಪ್ಲಿಫೈಯರ್‌ನಲ್ಲಿ ಮೀಟರ್ ಇಟ್ಟರೆ ಎಲ್ಲಿ ಕರೆಂಟ್ ಇಲ್ಲ ಎಂದು ಗೊತ್ತಾಗುತ್ತದೆ. ಬಂದು ಹೋಗುವ ದೋಷವನ್ನು ಹಿಡಿಯಬೇಕಾದರೆ ಅದು ಬರುವವರೆಗೂ ಕಾಯಬೇಕು. ಈ ಕಸುಬಿನಲ್ಲಿ ಪಳಗಿದವರು ಮತ್ತು ಬರೀ ಬಿಡಿಭಾಗ ಬದಲಿಸುವವರು ಬೇರೆಯಾಗುವುದು ಇಲ್ಲೇ.

ಬೆಂಗಳೂರಿಗೂ ಈ ಕಸುಬಿಗೂ ಹಳೆಯ ನಂಟು. 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್, ರಕ್ಷಣಾ ಉಪಕರಣಗಳ ಜೊತೆಗೆ ವಾಲ್ವ್ ಮತ್ತು ಟ್ರಾನ್ಸಿಸ್ಟರ್‌ಗಳನ್ನೂ ತಯಾರಿಸಿತು. ಎಲ್ಲರೂ ಎಸ್.ಪಿ. ರೋಡ್ ಎನ್ನುವ ಸದರ್ ಪತ್ರಪ್ಪ ರಸ್ತೆ ಬಿಡಿಭಾಗಗಳ ದೊಡ್ಡ ಮಾರುಕಟ್ಟೆಯಾಗಿ ಬೆಳೆಯಿತು. 2ಎನ್3055 ಟ್ರಾನ್ಸಿಸ್ಟರ್, ಆಮೇಲೆ ಎಲ್‌ಎ4440 ಐಸಿ ಹಾಕಿ ಮನೆಯಲ್ಲೇ ಆಂಪ್ಲಿಫೈಯರ್ ಕಟ್ಟಿದ ಹುಡುಗರು ಎಷ್ಟೋ ಮಂದಿ. ಐಟಿಐಗಳ ರೇಡಿಯೊ–ಟಿವಿ ಮೆಕ್ಯಾನಿಕ್ ಕೋರ್ಸ್ ಕೆಲವರಿಗೆ ದಾರಿ ತೋರಿಸಿತು. ಉಳಿದವರು ಅಂಗಡಿಯಲ್ಲಿ ಹಿರಿಯರ ಪಕ್ಕ ಕೂತು, ನೋಡಿ ನೋಡಿ ಕಲಿತರು.

ಸರಿಯಿರುವ ಕಡೆಯೇ ಸಾಕ್ಷಿ

ಬ್ರಿಟನ್ನಿನ ಎಂಜಿನಿಯರ್ ಅಲನ್ ಬ್ಲಮ್‌ಲೈನ್ 1931ರಲ್ಲಿ ಸ್ಟೀರಿಯೊ ಧ್ವನಿಗೆ ಪೇಟೆಂಟ್ ಅರ್ಜಿ ಹಾಕಿದರು. ಎಡಕ್ಕೂ ಬಲಕ್ಕೂ ಬೇರೆ ಬೇರೆ ಹಾದಿ ಕೊಟ್ಟರೆ ಕೇಳುಗರಿಗೆ ಹಾಡುಗಾರ ಎಲ್ಲಿ, ವಾದ್ಯ ಎಲ್ಲಿ ಎಂಬುದು ಕಿವಿಯಲ್ಲೇ ತಿಳಿಯುತ್ತದೆ. ಕೇಳುಗರಿಗಾಗಿ ಮಾಡಿದ ಈ ಏರ್ಪಾಡು ರಿಪೇರಿ ಮಾಡುವವರಿಗೆ ವರವಾಯಿತು. ಒಳಗೆ ಒಂದೇ ನಮೂನೆಯ ಎರಡು ಸರ್ಕ್ಯೂಟ್‌ಗಳಿರುವುದರಿಂದ, ಒಂದು ಕಡೆ ಕೆಟ್ಟರೆ ಇನ್ನೊಂದು ಕಡೆ ಹೇಗಿರಬೇಕೆಂದು ತೋರಿಸಿಕೊಡುತ್ತದೆ. ಅನುಭವಿಗಳು ಸ್ಕ್ರೂಡ್ರೈವರ್ ಮುಟ್ಟುವ ಮೊದಲು ಎಡ–ಬಲ ಅದಲು ಬದಲು ಮಾಡಿ ನೋಡುವುದು ಇದಕ್ಕೇ.

ಮನೆಯಲ್ಲೂ ಇದನ್ನು ಮಾಡಬಹುದು. ಮೊದಲು ಸೆಟ್ ಆಫ್ ಮಾಡಿ ಪ್ಲಗ್ ಕೀಳಬೇಕು. ಆಂಪ್ಲಿಫೈಯರ್ ಹಿಂದೆ ಎಡ ಬಾಕ್ಸಿನ ವೈರನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಬೇಕು. ವೈರಿನ ಒಂದು ಎಳೆಯೂ ಪಕ್ಕದ ಟರ್ಮಿನಲ್‌ಗೆ ತಾಗಬಾರದು. ಈಗ ಹಾಡು ಹಾಕಿ ಕಾಯಬೇಕು. ಮೊದಲು ಮೌನವಾಗುತ್ತಿದ್ದ ಬಾಕ್ಸೇ ಮತ್ತೆ ಮೌನವಾದರೆ ದೋಷ ಆ ಬಾಕ್ಸಿನಲ್ಲಿ ಅಥವಾ ಅದರ ವೈರಿನಲ್ಲಿ. ಮೌನ ಇನ್ನೊಂದು ಬಾಕ್ಸಿಗೆ ಹೋದರೆ ಬಾಕ್ಸ್‌ಗಳು ನಿರಪರಾಧಿಗಳು. ಆಗ ಸ್ಪೀಕರ್ ವೈರ್‌ಗಳನ್ನು ಮೊದಲಿನಂತೆ ಹಾಕಿ, ಸಿಡಿ ಪ್ಲೇಯರ್‌ನಿಂದ ಬರುವ ಕೆಂಪು–ಬಿಳಿ ಪಿನ್‌ಗಳನ್ನು ಆಂಪ್ಲಿಫೈಯರ್‌ನಲ್ಲಿ ಅದಲು ಬದಲು ಮಾಡಬೇಕು. ಮೌನ ಪಕ್ಕ ಬದಲಿಸಿದರೆ ತಪ್ಪು ಪ್ಲೇಯರ್‌ನದು ಅಥವಾ ಕೇಬಲ್‌ನದು. ಬದಲಿಸದಿದ್ದರೆ ಆಂಪ್ಲಿಫೈಯರ್ ಬಿಚ್ಚುವುದು ಅನಿವಾರ್ಯ.

ಓದಲು ಇದು ಸುಲಭ. ಆದರೆ ಒಂದೊಂದು ಹೆಜ್ಜೆಗೂ ಸೆಟ್ ತಾನಾಗಿ ಕೆಡುವವರೆಗೆ ಕಾಯಬೇಕು. ಕಾಯದೆ ಎರಡು ಮೂರು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತು ಎಂದು ಯಾರಿಗೂ ತಿಳಿಯುವುದಿಲ್ಲ. ವಾರ ಕಳೆಯುವಷ್ಟರಲ್ಲಿ ಸೆಟ್ ಮತ್ತೆ ಅಂಗಡಿಗೆ ಬರುತ್ತದೆ.

ರಿಲೇ ಎಂಬ ಕಾವಲುಗಾರ

ಆನ್ ಮಾಡಿದ ಕೆಲವು ಸೆಕೆಂಡಿಗೆ ಆಂಪ್ಲಿಫೈಯರ್ ಒಳಗಿಂದ ‘ಟಕ್’ ಎಂದು ಸದ್ದು ಬರುತ್ತದಲ್ಲ, ಅದು ಪ್ರೊಟೆಕ್ಷನ್ ರಿಲೇ. ಔಟ್‌ಪುಟ್‌ನಲ್ಲಿ ಡಿ.ಸಿ. ವೋಲ್ಟೇಜ್ ಇಲ್ಲವೆಂದು ಖಾತ್ರಿಯಾದ ಮೇಲೆ ಅದು ಬಾಕ್ಸ್‌ಗಳನ್ನು ಸರ್ಕ್ಯೂಟ್‌ಗೆ ಜೋಡಿಸುತ್ತದೆ. ಒಳಗಿರುವ ಪುಟ್ಟ ಲೋಹದ ಕಾಂಟ್ಯಾಕ್ಟ್‌ಗಳು ವರ್ಷಗಳ ಬಳಕೆಯಲ್ಲಿ ಕಪ್ಪಾಗುತ್ತವೆ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ ಈ ಕಿಲುಬು ಇನ್ನೂ ಬೇಗ ಹಿಡಿಯುತ್ತದೆ. ಕಡಿಮೆ ವಾಲ್ಯೂಮ್‌ನಲ್ಲಿ ಒಂದು ಸೈಡ್ ಮಾಯವಾಗಿ, ವಾಲ್ಯೂಮ್ ಜೋರು ಮಾಡಿದ ಕೂಡಲೇ ಮರಳಿ ಬಂದರೆ ಅನುಭವಿಗಳ ಮೊದಲ ಅನುಮಾನ ರಿಲೇ ಮೇಲೆಯೇ. ಹೆಚ್ಚಿದ ವೋಲ್ಟೇಜ್ ಆ ಕಪ್ಪು ಪದರವನ್ನು ದಾಟಿಬಿಡುತ್ತದೆ.

ಇದನ್ನು ಶುಚಿ ಮಾಡುವ ಕೈಕೆಲಸ ನೋಡುವಂಥದ್ದು. ರಿಲೇಯ ಪ್ಲಾಸ್ಟಿಕ್ ಮುಚ್ಚಳ ತೆಗೆದು, ಉದ್ದಕ್ಕೆ ಕತ್ತರಿಸಿದ ಕಾಗದದ ಪಟ್ಟಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿ ಕಾಂಟ್ಯಾಕ್ಟ್‌ಗಳ ನಡುವೆ ತೂರಿಸುತ್ತಾರೆ. ಬೆರಳಿನಿಂದ ಹಗುರಾಗಿ ಒತ್ತಿಹಿಡಿದು ಪಟ್ಟಿಯನ್ನು ಎಳೆದರೆ ಕಾಗದದ ಮೇಲೆ ಕಪ್ಪು ಗೆರೆ ಮೂಡುತ್ತದೆ. ಗೆರೆ ಕಾಣದಾಗುವವರೆಗೆ ಹೊಸ ಪಟ್ಟಿ ತೂರಿಸಿ ಎಳೆಯುತ್ತಲೇ ಇರಬೇಕು. ಉಪ್ಪುಕಾಗದದಿಂದ ಉಜ್ಜಿದರೆ ಮೇಲಿನ ಬೆಳ್ಳಿ ಲೇಪ ಸವೆದು ಹೋಗುತ್ತದೆ. ಕಾಂಟ್ಯಾಕ್ಟ್ ಸುಟ್ಟು ಗುಳಿ ಬಿದ್ದಿದ್ದರೆ ಹೊಸ ರಿಲೇ ಹಾಕುವುದೇ ಸರಿ.

‘ಟಕ್’ ಸದ್ದಿನೊಂದಿಗೆ ಎರಡೂ ಕಡೆ ಒಟ್ಟಿಗೆ ನಿಂತರೆ ಕಥೆ ಬೇರೆ. ಅತಿಯಾದ ಬಿಸಿ, ವೈರ್ ಶಾರ್ಟ್ ಅಥವಾ ಡಿ.ಸಿ. ಸೋರಿಕೆಯನ್ನು ಗುರುತಿಸಿ ರಿಲೇ ತನ್ನ ಕೆಲಸ ಮಾಡಿದೆ ಎಂದರ್ಥ. ಬೇಗ ಕೆಲಸ ಮುಗಿಸಲು ಕೆಲವರು ರಿಲೇಗೆ ವೈರ್ ಹಾಕಿ ಬೈಪಾಸ್ ಮಾಡಿಬಿಡುತ್ತಾರೆ. ಇದು ಅಪಾಯ. ಮುಂದೆ ಔಟ್‌ಪುಟ್ ಟ್ರಾನ್ಸಿಸ್ಟರ್ ಕೆಟ್ಟರೆ ಡಿ.ಸಿ. ನೇರವಾಗಿ ಸ್ಪೀಕರ್‌ಗೆ ನುಗ್ಗಿ ಕಾಯಿಲ್ ಸುಟ್ಟುಹಾಕುತ್ತದೆ.

ಬಿಸಿಯಾದ ಮೇಲೆ ಕೈಕೊಡುವ ಬೆಸುಗೆ

ಅರ್ಧ ಗಂಟೆ ಚೆನ್ನಾಗಿ ಹಾಡಿ ಆಮೇಲೆ ನಿಲ್ಲುವ ಸೆಟ್‌ಗಳಲ್ಲಿ ಮೆಕ್ಯಾನಿಕ್‌ಗಳು ಹುಡುಕುವುದು ‘ಡ್ರೈ ಸೋಲ್ಡರ್’. ಪವರ್ ಟ್ರಾನ್ಸಿಸ್ಟರ್, ದೊಡ್ಡ ರೆಸಿಸ್ಟರ್‌ಗಳ ಕಾಲುಗಳು ದಿನವೂ ಕಾದು ತಣಿಯುತ್ತವೆ. ಹಿಗ್ಗಿ ಕುಗ್ಗುವ ಈ ಆಟದಲ್ಲಿ ಬೆಸುಗೆ ಬಿರಿಯುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಕಾಲಿನ ಸುತ್ತ ಕೂದಲೆಳೆಯಷ್ಟು ತೆಳುವಾದ ಉಂಗುರ ಕಾಣಿಸುತ್ತದೆ. ಕಣ್ಣಿಗೆ ಬೀಳದಿದ್ದರೆ ಒಣ ಬಿದಿರು ಕಡ್ಡಿಯಿಂದ ಬೋರ್ಡಿನ ಮೇಲೆ ಮೆಲ್ಲಗೆ ತಟ್ಟುತ್ತ ಹೋಗುತ್ತಾರೆ. ಎಲ್ಲಿ ತಟ್ಟಿದಾಗ ಸದ್ದು ಹೋಗಿ ಬರುತ್ತದೋ ಅಲ್ಲಿ ಹುಡುಕಾಟ ಮುಗಿಯುತ್ತದೆ. ಹಳೆಯ ಬೆಸುಗೆಯನ್ನು ಹೀರಿ ತೆಗೆದು, ಫ್ಲಕ್ಸ್ ಹಚ್ಚಿ, 60 ಪಾಲು ತವರ 40 ಪಾಲು ಸೀಸದ ಹೊಸ ಸೋಲ್ಡರ್ ಹಾಕಬೇಕು. ಅದು ಸುಮಾರು 190 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಚೆನ್ನಾಗಿ ಕೂತ ಬೆಸುಗೆಗೆ ಹೊಳಪಿರುತ್ತದೆ.

ವಾಲ್ಯೂಮ್ ತಿರುಗಿಸುವಾಗ ಕರಕರ ಎಂದರೆ ಅದರೊಳಗಿನ ಇಂಗಾಲದ ಪಟ್ಟಿಯ ಮೇಲೆ ಧೂಳು ಕೂತಿರುತ್ತದೆ. ಎಲೆಕ್ಟ್ರಾನಿಕ್ಸ್‌ಗೆಂದೇ ಬರುವ ಕಾಂಟ್ಯಾಕ್ಟ್ ಕ್ಲೀನರ್ ತುಸು ಸಿಂಪಡಿಸಿ ಗುಂಡಿಯನ್ನು ಹತ್ತಾರು ಸಲ ತಿರುಗಿಸಿದರೆ ಹೆಚ್ಚಿನವು ಸರಿಹೋಗುತ್ತವೆ. ಹೊಲಿಗೆ ಯಂತ್ರದ ಎಣ್ಣೆ ಬಿಟ್ಟರೆ ಇನ್ನಷ್ಟು ಧೂಳು ಅಂಟುತ್ತದೆ.

ಮುಚ್ಚಳ ಬಿಚ್ಚುವ ಕೆಲಸಗಳನ್ನು ಮಾತ್ರ ಗೊತ್ತಿದ್ದವರಿಗೇ ಬಿಡಬೇಕು. ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರ್‌ಗಳಲ್ಲಿ ಕರೆಂಟ್ ಉಳಿದಿರುತ್ತದೆ.

ಕೇಂದ್ರ ಸರ್ಕಾರ 2022ರಲ್ಲಿ ‘ರಿಪೇರಿ ಹಕ್ಕು’ ಪೋರ್ಟಲ್ ಆರಂಭಿಸಿತು. ಆದರೆ ಆ ಹಕ್ಕನ್ನು ಬಳಸಲು ರಿಪೇರಿ ಬಲ್ಲ ಕೈಗಳು ಉಳಿದಿರಬೇಕು. ಹಳೆಯ ಸ್ಟೀರಿಯೊವನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ಒಳ್ಳೆಯ ಮೆಕ್ಯಾನಿಕ್‌ಗೆ ತೋರಿಸಿ. ಯಾವ ಸೈಡ್ ಹೋಗುತ್ತದೆ, ಆನ್ ಮಾಡಿ ಎಷ್ಟು ಹೊತ್ತಿಗೆ, ‘ಟಕ್’ ಎನ್ನುತ್ತದೆಯೇ, ವಾಲ್ಯೂಮ್ ಏರಿಸಿದರೆ ಮರಳುತ್ತದೆಯೇ ಎಂದು ಒಂದು ಚೀಟಿಯಲ್ಲಿ ಬರೆದು ಜೊತೆಗೆ ಕೊಡಿ. ಅವರು ಕಾಯಲು ಸಮಯ ಕೇಳಿದರೆ ಕೊಡಿ, ಆ ಸಮಯಕ್ಕೂ ಸೇರಿಸಿ ಕೂಲಿ ಕೊಡಿ.