ಅನುದಾನ ಸಿಕ್ಕಿತು, ಆರ್ಡರ್ ಎಲ್ಲಿ?

ಸೇನೆಗೆ ಬೇಕಾದ ಬಿಡಿಭಾಗ ಮಾಡಿಕೊಡುವುದು ಬೆಂಗಳೂರಿನ ಸಣ್ಣ ಕಾರ್ಖಾನೆಗಳಿಗೆ ಹೊಸ ಕಸುಬಲ್ಲ. 1940ರಲ್ಲಿ ವಾಲಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ನೆರವಿನಿಂದ ಹಿಂದೂಸ್ತಾನ್ ಏರ್‌ಕ್ರಾಫ್ಟ್ (ಈಗಿನ ಎಚ್‌ಎಎಲ್) ಶುರುಮಾಡಿದರು. 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) ಬಂತು. ಅವುಗಳ ನೆರಳಲ್ಲಿ ಪೀಣ್ಯದಂಥ ಕಡೆ ಶೆಡ್ಡುಗಳೆದ್ದವು, ಜಾಬ್‌ವರ್ಕ್ ನಂಬಿ ಸಾವಿರಾರು ಸಂಸಾರಗಳು ಬದುಕಿದವು. ಆದರೆ ಆ ವ್ಯವಹಾರದಲ್ಲಿ ಡ್ರಾಯಿಂಗ್ ಯಾವಾಗಲೂ ದೊಡ್ಡವರದು, ಲೇತ್ ಮಾತ್ರ ಸಣ್ಣವರದು. ಏನು ಮಾಡಬೇಕೆಂದು ಯೋಚಿಸುವ ಹಕ್ಕು ಸಣ್ಣ ಕಂಪನಿಗೆ ಇರಲಿಲ್ಲ. ಆ ಹಕ್ಕಿನ ಜೊತೆಗೆ ಸ್ವಲ್ಪ ದುಡ್ಡನ್ನೂ ಕೊಡಲು ಹೊರಟ ಸರ್ಕಾರಿ ವ್ಯವಸ್ಥೆಯ ಹೆಸರು ಐಡೆಕ್ಸ್. 2018ರ ಏಪ್ರಿಲ್‌ನಲ್ಲಿ ಚೆನ್ನೈ ಬಳಿ ನಡೆದ ರಕ್ಷಣಾ ಪ್ರದರ್ಶನದಲ್ಲಿ ಇದು ಉದ್ಘಾಟನೆಯಾಯಿತು. ಇದನ್ನು ನಡೆಸುವ ಲಾಭರಹಿತ ಸಂಸ್ಥೆಯನ್ನು ಕಟ್ಟಿದವು ಎಚ್‌ಎಎಲ್ ಮತ್ತು ಬಿಇಎಲ್, ಅಂದರೆ ಇಲ್ಲಿಯವರೆಗೆ ಡ್ರಾಯಿಂಗ್ ಕೊಡುತ್ತಿದ್ದ ಆ ಎರಡು ದೊಡ್ಡ ಸಂಸ್ಥೆಗಳೇ. ಮೊದಲ ಸವಾಲುಗಳ ಪಟ್ಟಿಯನ್ನು ಅದೇ ವರ್ಷದ ಆಗಸ್ಟ್‌ನಲ್ಲಿ ಆಗಿನ ರಕ್ಷಣಾ ಸಚಿವೆ ನಿರ್ಮಲಾ ಸೀತಾರಾಮನ್ ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದರು.

ಇದರ ಕಾರ್ಯವಿಧಾನ ಸರಳ. ಭೂಸೇನೆ, ನೌಕಾಪಡೆ, ವಾಯುಪಡೆಗಳು ತಮ್ಮನ್ನು ಕಾಡುವ ಸಮಸ್ಯೆಗಳನ್ನು ಪಟ್ಟಿಮಾಡಿ ಹೊರಗಿಡುತ್ತವೆ. ಸ್ಟಾರ್ಟಪ್‌ಗಳು, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳು ಪರಿಹಾರ ಹೊತ್ತು ಅರ್ಜಿ ಹಾಕುತ್ತವೆ. ಆಯ್ಕೆಯಾದವರಿಗೆ 1.5 ಕೋಟಿ ರೂಪಾಯಿವರೆಗೆ ಅನುದಾನ. ಅದೂ ಒಮ್ಮೆಲೇ ಅಲ್ಲ, ಕೆಲಸ ಒಂದೊಂದು ಹಂತ ಮುಗಿದಂತೆ ಕಂತುಗಳಲ್ಲಿ. ಕಂಪನಿಯೂ ತನ್ನ ಪಾಲಿನ ಹಣ ಹಾಕಬೇಕು. 2022ರಲ್ಲಿ ಈ ಮಿತಿಯನ್ನು ಐಡೆಕ್ಸ್ ಪ್ರೈಮ್ ಹೆಸರಿನಲ್ಲಿ 10 ಕೋಟಿಗೆ, 2024ರಲ್ಲಿ ಅದಿತಿ ಎಂಬ ಯೋಜನೆಯಡಿ 25 ಕೋಟಿಗೆ ಏರಿಸಿದರು. (ಹೆಸರಿಡುವುದರಲ್ಲಿ ನಮ್ಮ ಸಚಿವಾಲಯಗಳಿಗೆ ಇರುವ ಉತ್ಸಾಹಕ್ಕೆ ಅನುದಾನವೇನೂ ಬೇಕಿಲ್ಲ.) ಸೇನೆಗಳ ಸಮಸ್ಯೆಗಳ ಪಟ್ಟಿಯಲ್ಲಿರುವುದು ಡ್ರೋನ್, ಉಪಗ್ರಹ, ಸುರಕ್ಷಿತ ಸಂವಹನ, ನೀರಿನಡಿಯ ಸಂವೇದಕದಂಥ ವಿಷಯಗಳು.

ಈ ಆಲೋಚನೆ ನಮ್ಮಲ್ಲಿ ಹುಟ್ಟಿದ್ದಲ್ಲ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದಲ್ಲಿ ರೋಲಂಡ್ ಟಿಬೆಟ್ಸ್ ಎಂಬ ಅಧಿಕಾರಿ 1977ರಲ್ಲಿ ಒಂದು ಸಣ್ಣ ಪ್ರಯೋಗ ಮಾಡಿದರು. ಸಣ್ಣ ಕಂಪನಿಗೆ ಮೊದಲು ಚಿಕ್ಕ ಮೊತ್ತ ಕೊಟ್ಟು ‘ಇದು ಆಗುವ ಮಾತೇ’ ಎಂದು ನೋಡುವುದು, ಆಗುವಂತಿದ್ದರೆ ದೊಡ್ಡ ಮೊತ್ತ ಕೊಟ್ಟು ಮಾದರಿ ಮಾಡಿಸುವುದು, ಆಮೇಲೆ ಈ ಖಾತೆಯಿಂದ ಕೈಬಿಟ್ಟು ಮಾರುಕಟ್ಟೆಗೆ ಕಳಿಸುವುದು. 1982ರಲ್ಲಿ ಅಧ್ಯಕ್ಷ ರೇಗನ್ ಸಹಿ ಬಿದ್ದು ಇದು ಕಾನೂನಾಯಿತು: ಹೊರಗಿನವರಿಂದ ಸಂಶೋಧನೆ ಮಾಡಿಸಲು ದೊಡ್ಡ ಮೊತ್ತ ಖರ್ಚು ಮಾಡುವ ಪ್ರತಿ ಇಲಾಖೆಯೂ ಅದರ ಒಂದು ಪಾಲನ್ನು ಸಣ್ಣ ಕಂಪನಿಗಳಿಗೇ ಎತ್ತಿಡಬೇಕು. ಶೇ 0.2ರಿಂದ ಶುರುವಾದ ಆ ಪಾಲು ಈಚಿನ ವರ್ಷಗಳಲ್ಲಿ ಶೇ 3.2ಕ್ಕೆ ಮುಟ್ಟಿತು, ಅದರಲ್ಲಿ ಅತಿ ದೊಡ್ಡ ಭಾಗ ರಕ್ಷಣಾ ಇಲಾಖೆಯದು. ಎಸ್‌ಬಿಐಆರ್ ಎಂದು ಕರೆಯುವ ಈ ಕಾರ್ಯಕ್ರಮದ ನೆರವು ಆರಂಭದ ದಿನಗಳಲ್ಲಿ ಪಡೆದವರಲ್ಲಿ ಮೊಬೈಲ್ ಚಿಪ್‌ಗಳ ಕ್ವಾಲ್ಕಾಮ್ ಕೂಡ ಒಂದು. ಸಣ್ಣ ಕಂಪನಿಗಳಿಗೆ ಪಾಲು ಎತ್ತಿಡುವುದು ಅಧಿಕಾರಿಯ ಇಷ್ಟಕ್ಕೆ ಬಿಟ್ಟ ವಿಷಯವಾಗದೆ ಕಾನೂನಿನ ಕಟ್ಟಳೆಯಾದದ್ದೇ ಇದರ ಬಲ. ನಮ್ಮಲ್ಲಿ ಅಂಥ ಕಾನೂನು ಇಲ್ಲ. 2025-26ರ ಬಜೆಟ್ಟಿನಲ್ಲಿ ಅದಿತಿಯೂ ಸೇರಿ ಐಡೆಕ್ಸ್‌ಗೆ ಇಟ್ಟಿದ್ದು ಸುಮಾರು 450 ಕೋಟಿ. ಸರ್ಕಾರದ್ದೇ ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿಆರ್‌ಡಿಒಗೆ 26 ಸಾವಿರ ಕೋಟಿಗೂ ಹೆಚ್ಚು.

ಹಾಗಾದರೆ ಮೊತ್ತ ಹೆಚ್ಚಿಸಿದರೆ ಸಾಕೆ? ಸಾಲದು ಎನ್ನುತ್ತವೆ ಅಮೆರಿಕದ ನಲವತ್ತು ವರ್ಷಗಳ ಅನುಭವವನ್ನು ಅಳೆದ ಅಧ್ಯಯನಗಳು. ಅರ್ಥಶಾಸ್ತ್ರಜ್ಞ ಜೋಶ್ ಲರ್ನರ್ 1999ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಅನುದಾನ ಪಡೆದ ಕಂಪನಿಗಳು ಪಡೆಯದ ಅಂಥದೇ ಕಂಪನಿಗಳಿಗಿಂತ ವೇಗವಾಗಿ ಬೆಳೆದದ್ದು ನಿಜ. ಆದರೆ ಖಾಸಗಿ ಬಂಡವಾಳದ ಓಡಾಟ ಮೊದಲೇ ಇದ್ದ ಊರುಗಳಲ್ಲಿ ಮಾತ್ರ. ಮತ್ತೆ ಮತ್ತೆ ಅನುದಾನ ಪಡೆದವರು ಅದರಿಂದ ಮತ್ತಷ್ಟು ಬೆಳೆಯಲೂ ಇಲ್ಲ. ಸಬ್ರಿನಾ ಹೋವೆಲ್ 2017ರಲ್ಲಿ ಅಲ್ಲಿನ ಇಂಧನ ಇಲಾಖೆಯ ಅರ್ಜಿಗಳನ್ನು ಪರಿಶೀಲಿಸಿ, ಮೊದಲ ಹಂತದ ಚಿಕ್ಕ ಮೊತ್ತ ಕಂಪನಿಗೆ ಖಾಸಗಿ ಹೂಡಿಕೆ ಸಿಗುವ ಸಾಧ್ಯತೆಯನ್ನು ಹತ್ತಿರಹತ್ತಿರ ಇಮ್ಮಡಿ ಮಾಡಿತೆಂದೂ, ಎರಡನೇ ಹಂತದ ದೊಡ್ಡ ಮೊತ್ತ ಹೇಳಿಕೊಳ್ಳುವಂಥ ವ್ಯತ್ಯಾಸ ಮಾಡಲಿಲ್ಲವೆಂದೂ ತೋರಿಸಿದರು. ಮುಂದೆ ಅವರೇ ಸಹೋದ್ಯೋಗಿಗಳೊಂದಿಗೆ ಅಮೆರಿಕದ ವಾಯುಪಡೆಯ ಲೆಕ್ಕ ತೆಗೆದರು. ‘ಇಂಥದೇ ಬೇಕು’ ಎಂದು ಬಿಗಿಯಾಗಿ ಬರೆದ ಹಳೆಯ ಪದ್ಧತಿಯ ಸ್ಪರ್ಧೆಗಳಲ್ಲಿ ಗೆದ್ದವರಿಗೆ ಹೆಚ್ಚೇನೂ ಲಾಭವಾಗಿರಲಿಲ್ಲ, ಮುಂದಿನ ಅನುದಾನವೊಂದನ್ನು ಬಿಟ್ಟು. 2018ರಿಂದ ‘ನಿಮ್ಮ ಬಳಿ ಏನಿದೆ ತನ್ನಿ’ ಎಂದು ಕರೆದ ಮುಕ್ತ ಸ್ಪರ್ಧೆಗಳಲ್ಲಿ ಗೆದ್ದವರಿಗೋ ಹೂಡಿಕೆಯೂ ಬಂತು, ಸೇನೆಯ ನಿಜವಾದ ಗುತ್ತಿಗೆಗಳೂ ಬಂದವು. ನನಗೆ ಇದರಲ್ಲಿ ಕಾಣುವುದು ಇಷ್ಟು: ಅನುದಾನದ ಕೆಲಸ ಬಾಗಿಲು ತೆರೆಯುವುದು. ಒಳಗೆ ಕೊಳ್ಳುವವರು ಇಲ್ಲದಿದ್ದರೆ ಬಾಗಿಲು ಎಷ್ಟು ಅಗಲವಾಗಿದ್ದರೂ ಪ್ರಯೋಜನವಿಲ್ಲ.

ರಕ್ಷಣಾ ಕ್ಷೇತ್ರದಲ್ಲಿ ಈ ಮಾತಿಗೆ ಹೆಚ್ಚಿನ ತೂಕವಿದೆ. ಸಾಬೂನು ಮಾಡುವವನಿಗೆ ಒಬ್ಬ ಬೇಡವೆಂದರೆ ಇನ್ನೊಬ್ಬ ಗಿರಾಕಿ ಉಂಟು. ಡ್ರೋನ್ ಹೊಡೆದುರುಳಿಸುವ ಯಂತ್ರ ಮಾಡಿದವನಿಗೆ ದೇಶದೊಳಗೆ ಕೊಳ್ಳುವವರು ಹೆಚ್ಚುಕಡಿಮೆ ಒಬ್ಬರೇ, ಸರ್ಕಾರ. ಆ ಒಬ್ಬ ಗಿರಾಕಿಯ ಹಳೆಯ ರೂಢಿಯೆಂದರೆ ‘ನೋ ಕಾಸ್ಟ್, ನೋ ಕಮಿಟ್‌ಮೆಂಟ್’: ನಿಮ್ಮ ಖರ್ಚಿನಲ್ಲಿ ಯಂತ್ರವನ್ನು ಲಡಾಖಿನ ಚಳಿಗೂ ರಾಜಸ್ಥಾನದ ಬಿಸಿಲಿಗೂ ತಂದು ಪರೀಕ್ಷೆ ಮಾಡಿಸಿ, ಕೊಳ್ಳುತ್ತೇವೆಂಬ ಭರವಸೆ ಕೇಳಬೇಡಿ. ದೊಡ್ಡ ಸಾರ್ವಜನಿಕ ಉದ್ದಿಮೆ ಇದನ್ನು ತಾಳಿಕೊಂಡೀತು. ತಿಂಗಳ ಕೊನೆಗೆ ಎಂಜಿನಿಯರುಗಳ ಸಂಬಳ ಹೊಂದಿಸಬೇಕಾದ ಕಂಪನಿ ತಾಳಿಕೊಳ್ಳಲಾರದು. 2020ರ ರಕ್ಷಣಾ ಖರೀದಿ ನಿಯಮಾವಳಿ ಐಡೆಕ್ಸ್ ಉತ್ಪನ್ನಗಳಿಗೆ, ಮಾದರಿ ಮಾಡಿದವರಿಂದಲೇ ಟೆಂಡರಿಲ್ಲದೆ ಕೊಳ್ಳುವ, ಬೇರೆಯೇ ಹಾದಿ ಮಾಡಿಕೊಟ್ಟದ್ದು ಈ ಕಾರಣಕ್ಕೇ, ಮತ್ತು ಅದು ಅನುದಾನಕ್ಕಿಂತ ದೊಡ್ಡ ಸುಧಾರಣೆ. ಬೆಂಗಳೂರಿನ ಕ್ಯೂಎನ್‌ಯು ಲ್ಯಾಬ್ಸ್ ಐಡೆಕ್ಸ್ ನೆರವಿನಿಂದ 150 ಕಿಲೋಮೀಟರಿಗೂ ಹೆಚ್ಚು ದೂರಕ್ಕೆ ಕ್ವಾಂಟಮ್ ವಿಧಾನದಲ್ಲಿ ಗೂಢಲಿಪಿಯ ಕೀಲಿ ಕಳಿಸುವ ವ್ಯವಸ್ಥೆ ಮಾಡಿತು. ಪರೀಕ್ಷೆ ಗೆದ್ದ ಮೇಲೆ, 2022ರಲ್ಲಿ, ಭೂಸೇನೆ ಖರೀದಿ ಪ್ರಕ್ರಿಯೆಯನ್ನೇ ಆರಂಭಿಸಿತು. ಹಾದಿ ಇದ್ದರೆ ನಡೆಯುವವರಿದ್ದಾರೆ ಎಂಬುದಕ್ಕೆ ಇದು ಸಾಕ್ಷಿ. ಆದರೆ ಒಟ್ಟು ಲೆಕ್ಕ ಬೇರೆ ಕಥೆ ಹೇಳುತ್ತದೆ. ಸಚಿವಾಲಯವೇ ಕೊಟ್ಟ ಅಂಕಿಗಳಂತೆ 2025ರ ಫೆಬ್ರುವರಿ ಹೊತ್ತಿಗೆ ಸಹಿಯಾದ ಐಡೆಕ್ಸ್ ಒಪ್ಪಂದಗಳು 430. ಖರೀದಿಯಾದ ವಸ್ತುಗಳು 43, ಅವುಗಳ ಮೌಲ್ಯ 2,400 ಕೋಟಿಗೂ ಹೆಚ್ಚು. ಎಷ್ಟೋ ಒಪ್ಪಂದಗಳು ಇನ್ನೂ ಹೊಸವು, ಮಾದರಿ ತಯಾರಾಗಲು ವರ್ಷಗಳು ಬೇಕು. ಹತ್ತಕ್ಕೊಂದು ಎಂಬುದನ್ನು ಸೋಲೆಂದು ಈಗಲೇ ತೀರ್ಮಾನಿಸುವುದು ಅನ್ಯಾಯ. ಹಾಗಿದ್ದೂ ಸಮಾರಂಭಗಳಲ್ಲಿ ಚಪ್ಪಾಳೆ ಗಿಟ್ಟಿಸುವುದು ಮೊದಲ ಸಂಖ್ಯೆ, ಕಂಪನಿಯನ್ನು ಉಳಿಸುವುದು ಎರಡನೆಯದು.

ಆಕ್ಷೇಪಗಳಿವೆ. ಹತ್ತರಲ್ಲಿ ಒಂಬತ್ತು ಸೋತರೆ ಅದು ತೆರಿಗೆದಾರನ ಹಣವಲ್ಲವೇ? ಹೌದು, ಆದರೆ ಪ್ರತಿ ಸೋಲಿನ ಬೆಲೆ ಎಷ್ಟೆಂದೂ ನೋಡಬೇಕು. 1.5 ಕೋಟಿ ಕೊಟ್ಟು, ಕಂಪನಿಯದೂ ಪಾಲು ಹಾಕಿಸಿ, ಒಂದು ಉಪಾಯ ನಡೆಯುವುದಿಲ್ಲವೆಂದು ಎರಡು ವರ್ಷದಲ್ಲಿ ತಿಳಿದುಕೊಳ್ಳುವುದು ಅಗ್ಗದ ಪಾಠ. ಅದನ್ನೇ ಹದಿನೈದು ವರ್ಷಗಳ ದೊಡ್ಡ ಯೋಜನೆಯ ಕೊನೆಗೆ ತಿಳಿಯುವುದು ದುಬಾರಿ. ಡಿಆರ್‌ಡಿಒ ಇರುವಾಗ ಇದೆಲ್ಲ ಏಕೆ ಎನ್ನುವವರಿಗೆ ಉತ್ತರ ಇನ್ನೂ ಸುಲಭ. ಕ್ಷಿಪಣಿಯನ್ನು ಸ್ಟಾರ್ಟಪ್ ಮಾಡಲಿ ಎಂದು ಯಾರೂ ಹೇಳುತ್ತಿಲ್ಲ. ಆರು ತಿಂಗಳಿಗೊಮ್ಮೆ ಬದಲಾಗುವ ಡ್ರೋನ್ ತಂತ್ರಾಂಶಕ್ಕೆ ಪ್ರಯೋಗಾಲಯದ ಕಡತ ಓಡುವ ವೇಗ ಸಾಲದು, ಅಷ್ಟೆ.

ಗಂಭೀರವಾದ ಆಕ್ಷೇಪ ಬೇರೆಯೇ ಇದೆ. ಟೆಂಡರಿನ ಪೈಪೋಟಿ ಇಲ್ಲದೆ, ಮಾದರಿ ಮಾಡಿದವರಿಂದಲೇ ಕೊಂಡರೆ ಪಕ್ಷಪಾತಕ್ಕೆ ದಾರಿಯಾಗುವುದಿಲ್ಲವೇ? ಆಗಬಹುದು. ಅಮೆರಿಕದಲ್ಲಿ ಅನುದಾನವನ್ನೇ ಕಸುಬು ಮಾಡಿಕೊಂಡು, ಏನನ್ನೂ ಮಾರದೆ ದಶಕಗಳ ಕಾಲ ಅರ್ಜಿ ಬರೆದೇ ಬದುಕಿದ ಕಂಪನಿಗಳಿಗೆ ‘ಎಸ್‌ಬಿಐಆರ್ ಮಿಲ್ಲು’ ಎಂಬ ಹೆಸರೇ ಬಿದ್ದಿದೆ. ಟೆಂಡರಿಗೆ ಮರಳುವುದು ಇದಕ್ಕೆ ಮದ್ದಲ್ಲ. ಟೆಂಡರಿನಲ್ಲಿ ಕಡಿಮೆ ಬೆಲೆ ಬರೆದವನು ಗೆಲ್ಲುತ್ತಾನೆ, ಎರಡು ವರ್ಷ ಬೆವರು ಸುರಿಸಿ ಮಾದರಿ ಮಾಡಿದವನು ಮನೆಗೆ ಹೋಗುತ್ತಾನೆ. ಆಮೇಲೆ ಅಂಥ ಕೆಲಸಕ್ಕೆ ಯಾರೂ ಕೈ ಹಾಕುವುದಿಲ್ಲ. ನಿಜವಾದ ಮದ್ದು ಬಹಿರಂಗ ಲೆಕ್ಕ. ಯಾವ ಕಂಪನಿಗೆ, ಯಾವ ವರ್ಷ, ಯಾವ ಕೆಲಸಕ್ಕೆ ಎಷ್ಟು ಡಾಲರ್ ಹೋಯಿತೆಂದು ಅಮೆರಿಕದ ಯಾವ ನಾಗರಿಕ ಬೇಕಾದರೂ ಎಸ್‌ಬಿಐಆರ್ ದತ್ತಾಂಶದಲ್ಲಿ ಹುಡುಕಿ ನೋಡಬಹುದು. ಮೇಲೆ ಹೇಳಿದ ಅಧ್ಯಯನಗಳು ಸಾಧ್ಯವಾದದ್ದೂ ಅಲ್ಲಿ ದಾಖಲೆ ಇಡುವ ಪದ್ಧತಿ ಇರುವುದರಿಂದ. ನಮ್ಮ ರಕ್ಷಣಾ ಸಚಿವಾಲಯವೂ ಗುಟ್ಟಾಗಿರಬೇಕಾದ ತಾಂತ್ರಿಕ ವಿವರಗಳನ್ನು ಬದಿಗಿಟ್ಟು, ಐಡೆಕ್ಸ್‌ನ ಪ್ರತಿ ಒಪ್ಪಂದ ಈಗ ಯಾವ ಹಂತದಲ್ಲಿದೆ, ಪರೀಕ್ಷೆ ಯಾವಾಗ ನಡೆಯಿತು, ಕೊಂಡಿದ್ದರೆ ಎಷ್ಟಕ್ಕೆ, ಕೊಳ್ಳದಿದ್ದರೆ ಏಕೆ ಎಂಬುದನ್ನು ವರ್ಷಕ್ಕೊಮ್ಮೆ ಪ್ರಕಟಿಸಬೇಕು. ಮುಂದಿನ ಬಜೆಟ್ಟಿನಲ್ಲಿ ಮೊತ್ತ ಏರಿಸುವ ಮೊದಲು ಸಂಸದರು ಕೇಳಬೇಕಾದ ಪಟ್ಟಿ ಇದೇ.